ಬೂದು ಕುದುರೆಯ ಕೂದಲು

ಫರ್ವಾನಿಯಾ, ಕುವೈತ್
10 ಅಕ್ಟೋಬರ್ 2025, ಶುಕ್ರವಾರ

ರಜೆಯ ದಿನ. ಧನರಾಜ್ ಸಾಮಾನು ತರಲು ಹೋಗಿದ್ದಾರೆ, ಅಶ್ಮಿತಾ ಟ್ಯೂಷನ್‌ಗೆ. ಮನೆಯಲ್ಲಿ ನಾನೊಬ್ಬಳೇ.

ಪ್ರೀತಿಯ ಸೈನಬಾ,

ಉಮ್ಮನ ಮೊಣಕಾಲು ಈಗ ಹೇಗಿದೆ? ಮೆಟ್ಟಿಲು ಹತ್ತುವುದನ್ನು ಬಿಟ್ಟಿದ್ದಾರೆಯೇ, ಇಲ್ಲ ನಿನ್ನ ಕಣ್ಣು ತಪ್ಪಿಸಿ ಈಗಲೂ ಬಟ್ಟೆ ಒಣಗಿಸಲು ಟೆರೇಸಿಗೆ ಹೋಗುತ್ತಾರೆಯೇ? ಇಲ್ಲಿ ಸೆಕೆ ಇಳಿದಿದೆ. ಸಂಜೆ ಕಿಟಕಿ ತೆರೆದಿಡಬಹುದು. ಧನರಾಜರಿಗೆ ಹೋಟೆಲಿನಲ್ಲಿ ಡ್ಯೂಟಿ ಬದಲಾಗಿದೆ, ರಾತ್ರಿ ಊಟಕ್ಕೆ ಮನೆಯಲ್ಲಿರುತ್ತಾರೆ. ಅಶ್ಮಿತಾ ಹನ್ನೆರಡನೆಯ ತರಗತಿ. ನಾನು ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ, ತುಳುವಿನಲ್ಲಿ ಬೈದರೆ ಮಾತ್ರ ಸುಮ್ಮನಾಗುತ್ತಾಳೆ.

ನಿನ್ನ ವಾಯ್ಸ್ ಮೆಸೇಜುಗಳನ್ನೆಲ್ಲ ಕೇಳಿದ್ದೇನೆ. ಉತ್ತರ ಕೊಡದ್ದಕ್ಕೆ ಕ್ಷಮಿಸು. "ಎಂತ ಚಂಪಾ, ಬೋರ್ಡಿನ ಮೆಂಬರ್ ಆದ ಮೇಲೆ ನಮ್ಮಂಥವರ ಫೋನು ಎತ್ತಲಿಕ್ಕೆ ಸೆಕ್ರೆಟರಿ ಇಟ್ಟಿದ್ದೀಯಾ? ಅವಳಾದರೂ ಎತ್ತಲಿ ಮಾರಾಯ್ತಿ" ಎಂದಿದ್ದೀಯಲ್ಲ, ಅದನ್ನು ಕೇಳಿ ನಕ್ಕೆ. ನಿನ್ನ ತಮ್ಮನ ಬಗ್ಗೆ ಕೇಳಿದ ಕೊನೆಯ ಮೆಸೇಜಿನಲ್ಲಿ ನೀನು ತಮಾಷೆ ಮಾಡಿರಲಿಲ್ಲ. "ಸಿರಾಜನಿಗೆ ಎಂತ ಆಗಿದೆ? ಕೇಳಿದರೆ ನೆಟ್‌ವರ್ಕ್ ಇಲ್ಲ ಅಂತ ಕಟ್ ಮಾಡ್ತಾನೆ. ಶಹನಾಳ ಮನೆಯವರಿಗೆ ಅಲ್ಲಿಂದ ಯಾರೋ ಫೋನ್ ಮಾಡಿ, ನಿಮ್ಮ ಹುಡುಗ ಕುದುರೆ ವಿಷಯದಲ್ಲಿ ಮೋಸ ಮಾಡಿ ಸಿಕ್ಕಿಬಿದ್ದಿದ್ದಾನೆ ಅಂದರಂತೆ. ನಿಶ್ಚಿತಾರ್ಥ ಮುಂದೆ ಹಾಕುವ ಅಂತಿದ್ದಾರೆ. ನೀನು ಅಲ್ಲೇ ಇದ್ದೀಯಲ್ಲ, ನೀನಾದರೂ ಹೇಳು."

ಹೇಳುತ್ತೇನೆ. ನಿಮ್ಮ ಮನೆಯಲ್ಲಿ ಒಬ್ಬರಿಗೆ ಬಂದ ಫೋನನ್ನು ಎಲ್ಲರೂ ಸುತ್ತ ಕೂತು ಕೇಳುತ್ತಾರೆ. ಉಮ್ಮ ಕೇಳಬಾರದು. ಅದಕ್ಕೇ ಕಾಗದದ ಮೇಲೆ ಬರೆಯುತ್ತಿದ್ದೇನೆ. ಮೊದಲು ನೀನೊಬ್ಬಳೇ ಓದು.

ನಾನು ಕುದುರೆಗಳ ಮಂಡಳಿಯಲ್ಲಿ ಇದ್ದೇನೆ ಎಂದಾಗಲೆಲ್ಲ ನೀನು ನಗುತ್ತಿದ್ದೆ. ಶಾಲೆಗೆ ಹೋಗುವ ದಾರಿಯಲ್ಲಿ ದನ ಕಂಡರೆ ನಿನ್ನ ಬೆನ್ನ ಹಿಂದೆ ಅಡಗುತ್ತಿದ್ದವಳು ನಾನು. ಇಲ್ಲಿ ನನ್ನ ಕೆಲಸ ಪ್ರಯೋಗಾಲಯದಲ್ಲಿ. ಕುದುರೆಮರಿ ಹುಟ್ಟಿದಾಗ ಅದರ ತಾಯಿ ಯಾರೆಂದು ಸಾಬೀತಾಗದೆ ವಂಶಾವಳಿಯಲ್ಲಿ ಹೆಸರು ಸೇರುವುದಿಲ್ಲ. ತಾಯಿಯ ಮತ್ತು ಮರಿಯ ಕುತ್ತಿಗೆಯ ಕೂದಲನ್ನು ಬೇರು ಸಹಿತ ಕಿತ್ತು ಪರೀಕ್ಷೆ ಮಾಡುತ್ತೇವೆ. ಹಿಂದೆ ಇದ್ದ ಈಜಿಪ್ಟಿನ ಅಧಿಕಾರಿ ಊರಿಗೆ ಹೋದ ಮೇಲೆ ಮಂಡಳಿಯ ನೋಂದಣಿ ಸಮಿತಿಯಲ್ಲಿ ಅವರ ಕುರ್ಚಿ ನನಗೆ ಬಂತು. ಉಳಿದ ನಾಲ್ವರೂ ಇಲ್ಲಿನವರು. ಅಧ್ಯಕ್ಷರನ್ನು ಎಲ್ಲರೂ ಬೂ ಫಹದ್ ಎಂದು ಕರೆಯುತ್ತಾರೆ, ಫಹದನ ಅಪ್ಪ ಎಂಬ ಅರ್ಥದಲ್ಲಿ. ಅವರು ನನ್ನನ್ನು 'ದಕ್ತೋರಾ' ಎನ್ನುತ್ತಾರೆ. ನಾನು ಡಾಕ್ಟರಲ್ಲ ಎಂದು ಮೊದಲ ಸಭೆಯಲ್ಲಿ ತಿದ್ದಿದೆ. ಎರಡನೆಯ ಸಭೆಯಿಂದ ತಿದ್ದಲಿಲ್ಲ.

ಕೂದಲು ಕೀಳುವುದಕ್ಕೆ ಒಂದು ನಿಯಮವಿದೆ. ಸಮಿತಿಯ ಸದಸ್ಯರೊಬ್ಬರು ಕುದುರೆಯ ಪಕ್ಕದಲ್ಲಿ ನಿಲ್ಲಬೇಕು. ಪ್ರತಿ ಕುದುರೆಯ ಕುತ್ತಿಗೆಯ ಚರ್ಮದಡಿ ಅಕ್ಕಿಕಾಳಿನಷ್ಟು ಚಿಕ್ಕ ಚಿಪ್ ಇರುತ್ತದೆ. ಯಂತ್ರ ಹಿಡಿದು ಅದರ ಸಂಖ್ಯೆ ಓದಬೇಕು. ಆಮೇಲೆ ಲಾಯದ ಕೆಲಸದವನು ಕೂದಲು ಕೀಳುತ್ತಾನೆ, ಸದಸ್ಯರು ಅದನ್ನು ಲಕೋಟೆಗೆ ಹಾಕಿ ಸಹಿ ಮಾಡುತ್ತಾರೆ.

ಆಗಸ್ಟಿನಲ್ಲಿ ಒಂದು ಮರಿಯ ನೋಂದಣಿಗೆ ಕೂದಲು ತರಲು ನಾನು ಹೋದದ್ದು ಕಬ್ದ್ ಎಂಬಲ್ಲಿಗೆ, ಪೇಟೆಯಿಂದ ಹೊರಗೆ, ಲಾಯಗಳೇ ತುಂಬಿದ ಮರಳಿನ ಜಾಗ. ಅದೇ ಲಾಯಕ್ಕೆ ಸಿರಾಜನನ್ನು ಸೇರಿಸಿದವಳು ನಾನೇ ಎಂದು ನಿನಗೆ ಗೊತ್ತು. ವೀಸಾ ಕೊಟ್ಟ ಹಳೆಯ ಕಫೀಲ್ ಸರಿಯಿಲ್ಲ, ಬೇರೆ ಕಡೆ ನೋಡು ಎಂದು ನೀನು ಹೇಳಿದ್ದೆ. ಅವನು ಸೇರಿ ವಾರವಾಗಿತ್ತಷ್ಟೆ. ಕಾರು ನಿಂತ ಕೂಡಲೇ ಲಾಯದ ಮೇಲ್ವಿಚಾರಕ ಸ್ಯಾಮುವೆಲ್ ಕಿಟಕಿಯ ಹತ್ತಿರ ಬಂದು ಹಿಂದಿಯಲ್ಲಿ, "ಮೇಡಂ, ನಿಮ್ಮ ಊರಿನವನು ಕುದುರೆಗಳ ಹತ್ತಿರ ಬ್ಯಾರಿ ಭಾಷೆಯಲ್ಲಿ ಮಾತಾಡುತ್ತಾನೆ. ಇನ್ನೊಂದು ತಿಂಗಳು ಹೋದರೆ ಇವು ಅರಬಿ ಮರೆತುಬಿಡ್ತವೆ" ಎಂದ. ಹಿಂದೆ ನಿಂತಿದ್ದ ಸಿರಾಜ್, "ನಾನು ಬಯ್ಯುವುದು ಮಾತ್ರ ಬ್ಯಾರಿಯಲ್ಲಿ ಭಾಯಿ, ಮುದ್ದು ಮಾಡುವುದು ಅರಬಿಯಲ್ಲೇ" ಎಂದ. ಚೆನ್ನಾಗಿದ್ದ. ಸ್ವಲ್ಪ ದಪ್ಪವೂ ಆಗಿದ್ದ.

ಆ ದಿನದ ಬಿಸಿಲು ಹೇಗಿತ್ತೆಂದರೆ ಕಾರಿನ ಬಾಗಿಲು ತೆರೆದರೆ ಕಣ್ಣು ಉರಿಯುತ್ತಿತ್ತು. ನನಗೆ ಬೆಳಗಿನಿಂದ ತಲೆನೋವು. ಸಿರಾಜ್ ನನ್ನ ಮುಖ ನೋಡಿ, "ಚಂಪಕ್ಕ, ನೀವು ಇಳಿಯಬೇಡಿ. ಯಾವ ಕುದುರೆ ಅಂತ ಹೇಳಿ, ನಾನು ತರ್ತೇನೆ" ಎಂದ.

ನಾನು ಇಳಿಯಲಿಲ್ಲ, ಸೈನಬಾ.

ಬೇರೆ ಯಾರಾದರೂ ಆಗಿದ್ದರೆ ಇಳಿದಿರುತ್ತಿದ್ದೆ. ಬೇರೆ ಲಾಯಗಳಲ್ಲಿ ತಲೆನೋವಿದ್ದರೂ ಇಳಿದಿದ್ದೇನೆ, ಕುದುರೆಯ ಭಯವಿದ್ದರೂ ಪಕ್ಕದಲ್ಲಿ ನಿಂತಿದ್ದೇನೆ. ಒಬ್ಬ ಕೆಲಸದವನ ಮಾತನ್ನೂ ನಂಬದೆ ಚಿಪ್ ಓದಿದ್ದೇನೆ. ನಾನು ಅಂಥವಳು ಎಂದೇ ಆ ಕುರ್ಚಿ ಕೊಟ್ಟದ್ದು. ಸಿರಾಜ್ ಇದ್ದಾನಲ್ಲ, ನಮ್ಮ ಸೈನಬಾಳ ತಮ್ಮ, ಇವನನ್ನು ಪರೀಕ್ಷೆ ಮಾಡುವುದೆಂದರೇನು ಎಂದುಕೊಂಡೆ. ಯಂತ್ರ ನನ್ನ ಬ್ಯಾಗಿನಲ್ಲೇ ಉಳಿಯಿತು. ಅವನು ಕೂದಲು ತಂದು ಕಿಟಕಿಯಲ್ಲಿ ಕೊಟ್ಟ. ತಾಯಿ ಕುದುರೆಯ ಚಿಪ್ ಸಂಖ್ಯೆ ನನ್ನ ಕಡತದಲ್ಲಿ ಮೊದಲೇ ಇತ್ತು. ಅದನ್ನೇ ಬರೆದು, 'ನನ್ನ ಸಮಕ್ಷಮದಲ್ಲಿ' ಎಂಬ ಮುದ್ರಿತ ಸಾಲಿನ ಕೆಳಗೆ ಸಹಿ ಹಾಕಿದೆ.

ಹಿಂದಿನ ದಿನ ಆ ತಾಯಿ ಕುದುರೆಯ ಕೋಣೆಯ ಕೂಲರ್ ಸುಟ್ಟುಹೋಗಿತ್ತಂತೆ. ಬೆಲೆಯ ಕುದುರೆಗೆ ಸೆಕೆಯಾಗಬಾರದೆಂದು ಅದನ್ನು ಪಕ್ಕದ ಕೋಣೆಗೆ ಸೇರಿಸಿ, ಅಲ್ಲಿದ್ದ ಮುದಿ ಕುದುರೆಯನ್ನು ಇಲ್ಲಿಗೆ ತಂದು ಕಟ್ಟಿದ್ದಾರೆ. ಎರಡೂ ಬೂದು ಬಣ್ಣ, ಎರಡಕ್ಕೂ ಬೇಸಿಗೆಗೆ ಮೈ ಕೂದಲು ಕತ್ತರಿಸಿದ್ದರು. ಬಾಗಿಲ ಮೇಲಿನ ಹೆಸರು ಬದಲಿಸಲು ಯಾರಿಗೂ ನೆನಪಾಗಿಲ್ಲ. ಮರಿಯನ್ನು ಆಗಲೇ ತಾಯಿಯಿಂದ ಬೇರೆ ಮಾಡಿದ್ದರು. ವಾರದ ಹಿಂದೆ ಬಂದ ಸಿರಾಜ್ ಹೆಸರು ಓದಿದ, ಒಳಗೆ ಹೋದ, ಎದುರಿಗಿದ್ದ ಕುದುರೆಯ ಕೂದಲು ಕಿತ್ತು ತಂದ.

ಪರೀಕ್ಷೆಯಲ್ಲಿ ತಾಯಿ, ಮರಿ ಹೊಂದಲಿಲ್ಲ. ಸಮಿತಿ ಬೇರೆಯವರನ್ನು ಕಳಿಸಿ ಮತ್ತೆ ಕೂದಲು ತರಿಸಿತು. ಈ ಸಲ ಹೊಂದಿತು. ಮೊದಲು ಬಂದದ್ದು ಪಕ್ಕದ ಮುದಿ ಕುದುರೆಯದೆಂದೂ ಗೊತ್ತಾಯಿತು. ತಪ್ಪಾಗಿದೆ, ಸರಿಯಾಯಿತು ಎಂದು ಅಲ್ಲಿಗೇ ಖಲಾಸ್ ಆಗಬೇಕಿತ್ತು. ಆಗಲಿಲ್ಲ, ಯಾಕೆಂದರೆ ನನ್ನ ಸಹಿ ಇತ್ತು. ಸದಸ್ಯೆ ಪಕ್ಕದಲ್ಲಿ ನಿಂತು ಚಿಪ್ ಓದಿದ್ದಾರೆ, ಹಾಗಾಗಿ ಕುದುರೆ ತಪ್ಪಲು ಸಾಧ್ಯವಿಲ್ಲ. ಕುದುರೆ ತಪ್ಪಿಲ್ಲವೆಂದರೆ ಕೆಲಸದವನು ಕೈಯಲ್ಲಿ ಬೇರೆ ಕೂದಲು ಇಟ್ಟುಕೊಂಡು ಬೇಕೆಂದೇ ಬದಲಿಸಿದ್ದಾನೆ. ಲಾಯದ ಯಜಮಾನರಿಗೂ ಅದೇ ಬೇಕಿತ್ತು. ತನ್ನ ಲಾಯದಲ್ಲಿ ಮೋಸವಿಲ್ಲ, ಮರಿಯ ಹೆಸರು ಕೆಡಿಸಲು ಯಾರೋ ಎದುರಾಳಿ ಈ ಹೊಸಬನನ್ನು ಒಳಗೆ ಹಾಕಿದ್ದಾರೆ ಎಂದು ವಾದಿಸಿದರು.

ನಾನು ಅಲ್ಲಿ ನಿಂತಿದ್ದೆ ಎನ್ನುವುದು ನಿಜವಾದರೆ ಸಿರಾಜ್ ಮೋಸಗಾರ. ಅವನು ಮೋಸಗಾರನಲ್ಲವಾದರೆ ನಾನು ಅಲ್ಲಿರಲಿಲ್ಲ. ಇದರ ಮಧ್ಯೆ ಬೇರೆ ಏನೂ ಇಲ್ಲ.

ಕಳೆದ ತಿಂಗಳ ಕೊನೆಗೆ ಅವನನ್ನು ಸಮಿತಿಯ ಮುಂದೆ ಕರೆದರು. ಒಗೆದ ಅಂಗಿ ಹಾಕಿ, ಕೂದಲಿಗೆ ನೀರು ಹಚ್ಚಿ ಬಾಚಿಕೊಂಡು ಬಂದಿದ್ದ. ನಾನು ಮೇಜಿನ ಆಚೆ ಕಡೆ, ನನ್ನ ಹೆಸರಿನ ಫಲಕದ ಹಿಂದೆ. ಬೂ ಫಹದ್ ಕೆಟ್ಟವರಲ್ಲ. ಸಾವಕಾಶವಾಗಿ, ಅವನಿಗೆ ಅರ್ಥವಾಗುವ ಅರಬಿಯಲ್ಲಿ ಕೇಳಿದರು. "ಮಗನೇ, ಹೆದರಬೇಡ. ನೀನು ಕೂದಲು ಕೀಳುವಾಗ ದಕ್ತೋರಾ ನಿನ್ನ ಪಕ್ಕದಲ್ಲಿ ಇದ್ದರಾ?"

ಸಿರಾಜ್ ನನ್ನ ಕಡೆ ನೋಡಲೇ ಇಲ್ಲ. "ಇದ್ದರು" ಎಂದ.

"ಚಿಪ್ ಓದಿದರಾ?"

"ಓದಿದರು."

"ಹಾಗಾದರೆ ಬೇರೆ ಕುದುರೆಯ ಕೂದಲು ಹೇಗೆ ಬಂತು?"

"ಗೊತ್ತಿಲ್ಲ, ಬಾಬಾ."

ಬೂ ಫಹದ್ ನನ್ನ ಕಡೆ ತಿರುಗಿ, ಹೇಳುವುದೇನಾದರೂ ಇದೆಯೇ ಎಂದು ಕೇಳಿದರು. ಇಲ್ಲ ಎಂದೆ. ಒಬ್ಬ ಹುಡುಗ ಖಾವಾ ಕಾಫಿ ತಂದ. ನಾನು ಕುಡಿದೆ.

ಅವನು ಯಾಕೆ ಹಾಗೆ ಹೇಳಿದನೋ ತಿಳಿಯದು. ನನ್ನ ಮರ್ಯಾದೆ ಉಳಿಸಲೆಂದು ಇರಬೇಕು. ನೀವು ಬೆಳೆಸಿದ ರೀತಿ ಅಂಥದು.

ಯಾವ ಲಾಯವೂ ಅವನನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದೆಂದು ಸಮಿತಿ ಶಿಫಾರಸು ಮಾಡಿದೆ. ಮಂಗಳವಾರ ಪೂರ್ಣ ಮಂಡಳಿಯ ಸಭೆ. ಅಲ್ಲಿ ಒಪ್ಪಿಗೆ ಸಿಕ್ಕರೆ ಯಜಮಾನರು ಅವನ ವಾಸದ ಪರವಾನಗಿ ಇಕಾಮಾವನ್ನು ರದ್ದು ಮಾಡಿ ಊರಿಗೆ ಕಳಿಸುತ್ತಾರೆ, ಮೋಸ ಮಾಡಿದವನೆಂಬ ಹೆಸರಿನ ಜೊತೆ. ಈಗ ಅವನನ್ನು ಕುದುರೆಗಳ ಹತ್ತಿರ ಬಿಡುವುದಿಲ್ಲ, ನೀರಿನ ತೊಟ್ಟಿ ತೊಳೆಯುತ್ತಾನೆ. ಮೊನ್ನೆ ನೋಡಲು ಹೋಗಿದ್ದೆ. ಸ್ಯಾಮುವೆಲ್ ಕಿಟಕಿಯ ಹತ್ತಿರ ಬರಲಿಲ್ಲ. ಸಿರಾಜ್ ಬಂದ. ಊಟ ಸರಿಯಾಗಿ ಮಾಡುತ್ತೀಯಾ ಎಂದು ಕೇಳಿದರೆ, "ಮಾಡ್ತೇನೆ. ಅಕ್ಕನಿಗೆ ಎಂತದೂ ಹೇಳಬೇಡಿ, ಊರಿಗೆ ಹೋದ ಮೇಲೆ ನಾನೇ ಹೇಳ್ತೇನೆ" ಎಂದ. ಊರಿಗೆ ಹೋಗುವುದು ಖಾತ್ರಿ ಎಂದೇ ಅವನು ಲೆಕ್ಕ ಹಾಕಿದ್ದಾನೆ.

ಶಹನಾಳ ಮನೆಯವರಿಗೆ ಇಷ್ಟು ಹೇಳು: ಸಿರಾಜ್ ಯಾರಿಗೂ ಮೋಸ ಮಾಡಿಲ್ಲ. ಮಂಡಳಿಯಲ್ಲಿರುವ ನನ್ನ ಗೆಳತಿಯೇ ಬರೆದಿದ್ದಾಳೆ ಎಂದು ಹೇಳು, ಬೇಕಾದರೆ ಈ ಪತ್ರವನ್ನೇ ತೋರಿಸು. ಆ ಹುಡುಗಿಗೆ ನನ್ನ ಆಶೀರ್ವಾದ. ಉಮ್ಮನಿಗೆ ನಮಸ್ಕಾರ. ನಿನ್ನ ಮಕ್ಕಳು ಚೆನ್ನಾಗಿರಲಿ. ನನ್ನ ಮೇಲೆ ನಿನಗೆ ಎಷ್ಟು ಸಿಟ್ಟು ಬಂದರೂ ಅದು ಸರಿಯೇ.

ನಿನ್ನ
ಚಂಪಾ

ಬರೆದು ಮುಗಿಸಿದ ಮೇಲೆ: ಮಡಚಿಟ್ಟ ಪತ್ರವನ್ನು ಮತ್ತೆ ಬಿಡಿಸಿದ್ದೇನೆ. ಅವನು ಯಾಕೆ ಹಾಗೆ ಹೇಳಿದನೋ ತಿಳಿಯದು ಎಂದು ಮೇಲೆ ಬರೆದಿದ್ದೇನಲ್ಲ, ಅದು ಸುಳ್ಳು. ವಿಚಾರಣೆಯ ಹಿಂದಿನ ಸಂಜೆ ಅವನು ಫೋನ್ ಮಾಡಿದ್ದ. "ಚಂಪಕ್ಕ, ನಾಳೆ ಕೇಳಿದರೆ ಎಂತ ಹೇಳಲಿ?" ಇದ್ದದ್ದನ್ನು ಹೇಳು ಎಂದಿದ್ದರೆ ಸಾಕಿತ್ತು. ನಾನು, "ಅಶ್ಮಿತಾಳಿಗೆ ಮಾರ್ಚಿನಲ್ಲಿ ಬೋರ್ಡ್ ಪರೀಕ್ಷೆ ಉಂಟು ಸಿರಾಜ್" ಎಂದೆ. ಬೇರೆ ಏನೂ ಹೇಳಲಿಲ್ಲ. ನನ್ನ ಕೆಲಸ ಹೋದರೆ ಅವಳ ಓದು ಅರ್ಧಕ್ಕೆ ನಿಲ್ಲುತ್ತದೆ ಎಂದು ಅವನಿಗೆ ಗೊತ್ತಿತ್ತು. ಅವನು, "ಆಯ್ತು ಅಕ್ಕ. ಅವಳು ಚೆನ್ನಾಗಿ ಓದಲಿ" ಎಂದ. ಬೂ ಫಹದರ ಮುಂದೆ ಅವನು ಹೇಳಿದ್ದು ನನ್ನ ಮಾತು.

ಭಾನುವಾರ ಕಚೇರಿ ತೆರೆದ ಕೂಡಲೇ ಬೂ ಫಹದರ ಕೋಣೆಗೆ ಹೋಗಿ, ನಾನು ಪಕ್ಕದಲ್ಲಿ ಇರಲಿಲ್ಲ, ಚಿಪ್ ಓದಿರಲಿಲ್ಲ, ಅವನಿಂದ ಸುಳ್ಳು ಹೇಳಿಸಿದವಳೂ ನಾನೇ ಎಂದು ಹೇಳುತ್ತೇನೆ. ಧನರಾಜರಿಗೆ ಇನ್ನೂ ಹೇಳಿಲ್ಲ, ಹೇಳಿದರೆ ಪರೀಕ್ಷೆ ಮುಗಿಯುವವರೆಗೆ ತಡೆ ಎನ್ನುತ್ತಾರೆ, ಆಗ ನಾನೂ ತಡೆದುಬಿಡುತ್ತೇನೆ. ಇಂದು ರಾತ್ರಿಯ ವಿಮಾನಕ್ಕೆ ನಮ್ಮ ಕಟ್ಟಡದ ಆಲ್‌ಸ್ಟನ್ ಮಂಗಳೂರಿಗೆ ಹೊರಟಿದ್ದಾನೆ. ಕೆಳಗೆ ಹೋಗಿ ಇದನ್ನು ಅವನ ಕೈಗೆ ಕೊಡುತ್ತೇನೆ. ನಾಳೆ ನಿನಗೆ ತಲುಪುತ್ತದೆ. ನಾನು ಬೂ ಫಹದರ ಬಾಗಿಲ ಹತ್ತಿರ ನಿಲ್ಲುವ ಹೊತ್ತಿಗೆ ನೀನು ಇದನ್ನು ಓದಿ ಮುಗಿಸಿರಬೇಕು.