ಮಂಚಕ್ಕೆ ಕಟ್ಟಿದ ಎಡಗೈ

ಮಾನ್ಯ ವೈದ್ಯಕೀಯ ಅಧೀಕ್ಷಕರೇ,

ಬಾಯಿ ಬಾರದ ನನ್ನ ತಮ್ಮನಿಂದ ನಿಮ್ಮ ಆಸ್ಪತ್ರೆ ಮಾತನ್ನು ಕಸಿದುಕೊಂಡಿದೆ. ಅವನು ಮಡಿಲ ಮೇಲಿನ ಅಕ್ಷರದ ಹಲಗೆಯಲ್ಲಿ ಎಡಗೈ ಬೆರಳಿಟ್ಟು, ಒಂದೊಂದೇ ಅಕ್ಷರ ತೋರಿಸಿ ಮಾತಾಡುತ್ತಾನೆ. ಕಳೆದ ಮಂಗಳವಾರ ಬೆಳಿಗ್ಗೆ ಗಾಲಿಕುರ್ಚಿ ಮಗುಚಿ, ಬಲಗಾಲು ಮುರಿದು ದಾಖಲಾದಾಗ ವಾರ್ಡಿನ ಕಾವಲುಗಾರ ಹಲಗೆಯನ್ನು ಬಾಗಿಲಲ್ಲೇ ತಡೆದ.

"ಆಟದ ಸಾಮಾನೆಲ್ಲ ಒಳಗೆ ಬಿಡಲ್ಲಮ್ಮ, ರೂಲ್ಸು."

"ಆಟದ್ದಲ್ಲಪ್ಪ, ಅದು ಅವನ ಬಾಯಿ" ಅಂದೆ. ಅವನು ನಕ್ಕು, ಚೀಟಿ ಅಂಟಿಸಿ, ಕೊಡೆ ಚಪ್ಪಲಿಗಳ ನಡುವೆ ಇಟ್ಟುಬಿಟ್ಟ. ಬಿಡುಗಡೆಯ ದಿನ ವಾಪಸು ಕೊಡುತ್ತಾರಂತೆ! ನನ್ನನ್ನೂ ಸಂಜೆ ಐದರವರೆಗೆ ಹೊರಗೆ ಕೂರಿಸಿದರು.

ಒಳಗೆ ಪ್ಲಾಸ್ಟರ್ ಬಿಗಿಯಾಗಿ ಕಾಲು ಹಿಂಡುತ್ತಿತ್ತು. ತಮ್ಮ ಏನು ಮಾಡಬೇಕಿತ್ತು, ಹೇಳಿ? ಇಪ್ಪತ್ತು ವರ್ಷದ ಬಳಕೆಯಲ್ಲಿ ಯಾವ ಅಕ್ಷರ ಎಲ್ಲಿದೆ ಎಂಬುದು ಅವನಿಗೆ ಬಾಯಿಪಾಠ. ಹಲಗೆ ಇದೆಯೆಂಬಂತೆ ಹೊದಿಕೆಯ ಮೇಲೆಯೇ ಆಯಾ ಜಾಗಕ್ಕೆ ಬೆರಳು ಕುಟ್ಟಿದ. ಮನೆಯಲ್ಲಿ ಊಟದ ಹೊತ್ತಿಗೆ ನಾವು ಹೀಗೇ ಹರಟುತ್ತೇವೆ. ಅಮ್ಮನಂತೂ ಅವನ ಬೈಗುಳವನ್ನು ಮೇಜಿನ ಆಚೆ ತುದಿಯಿಂದಲೇ ಓದಿ, ಅಲ್ಲಿಂದಲೇ ತಿರುಗಿ ಬೈಯುತ್ತಾಳೆ. ನಿಮ್ಮವರು ಆ ಕೈಯನ್ನು ಬ್ಯಾಂಡೇಜಿನಿಂದ ಮಂಚದ ಕಂಬಿಗೆ ಕಟ್ಟಿದರು. ಕಡತದಲ್ಲಿ ಬರೆದರು: "ರೋಗಿ ಸಹಕರಿಸುತ್ತಿಲ್ಲ. ಗ್ರಹಿಕೆ ಇಲ್ಲ." ಎಂಥ ಚುರುಕಿನ ರೋಗನಿರ್ಣಯ!

ಐದಕ್ಕೆ ನಾನು ಒಳಗೆ ಹೋಗಿ ಕೈ ಬಿಚ್ಚಿದೆ. ಬೆರಳು ಹೊದಿಕೆಯ ಮೇಲೆ ಓಡಿತು: "ಕಾಲ್ಬೆರಳು ಮರಗಟ್ಟಿದೆ. ಬೆಳಗ್ಗೆಯಿಂದ ಹೇಳ್ತಾನೇ ಇದೀನಿ." ಪ್ಲಾಸ್ಟರ್ ಸೀಳಿದಾಗ ಎರಡು ಬೆರಳು ಕಪ್ಪಗಾಗಿದ್ದವು. "ಅಯ್ಯೋ, ಒಂದು ಮಾತು ಹೇಳಬಾರದಿತ್ತಾ?" ಎಂದರು ನಿಮ್ಮ ನರ್ಸಮ್ಮ.

ಸೋಮವಾರ ಆ ಬೆರಳುಗಳನ್ನು ತೆಗೆಯಬೇಕಂತೆ. ಶಸ್ತ್ರವೈದ್ಯರು ಅವನ ಪಕ್ಕದಲ್ಲೇ ನಿಂತು ನನಗೆ ಮಾತ್ರ ವಿವರಿಸಿ, ಒಪ್ಪಿಗೆ ಪತ್ರ ಚಾಚಿದರು. "ಅವರಿಗೆ ಗ್ರಹಿಕೆ ಇಲ್ವಲ್ಲ, ನೀವೇ ಸಹಿ ಮಾಡಿಬಿಡಿ." ಸ್ವಾಮಿ, ನನ್ನ ತಮ್ಮ ಅಚ್ಚುಕೂಟದಲ್ಲಿ ಕರಡು ತಿದ್ದುವವನು. ನಿಮ್ಮ ಆ ಒಪ್ಪಿಗೆ ಪತ್ರ ಅಲ್ಲಿ ಅಚ್ಚಾಗುವ ಮುಂಚೆ ಅದರ ಹನ್ನೊಂದು ತಪ್ಪು ಹಿಡಿದವನು ಅವನೇ. "ರೋಗಿಗೆ ತಿಳಿಯುವ ರೀತಿಯಲ್ಲಿ ವಿವರಿಸಲಾಗಿದೆ" ಎಂಬ ಸಾಲೂ ಅವನ ಕೈ ದಾಟಿಯೇ ನಿಮ್ಮ ಮೇಜಿಗೆ ಬಂದದ್ದು. ಅದನ್ನು ನಿಮ್ಮಲ್ಲಿ ಯಾರಾದರೂ ಓದಿದ್ದೀರಾ?

ನನಗೆ ಭಯವಾಗಿದೆ. ತಡವಾದರೆ ಪಾದಕ್ಕೇ ಹರಡುತ್ತದೆ ಎಂದಿದ್ದಾರೆ. ಕೈ ತಾನಾಗಿ ಪೆನ್ನಿನತ್ತ ಹೋಗುತ್ತದೆ. ಆದರೂ ಸಹಿ ಹಾಕಲಾರೆ. ಹಾಕಿದರೆ ಅವನಿಗೆ ಗ್ರಹಿಕೆಯಿಲ್ಲವೆಂದು ಒಡಹುಟ್ಟಿದವಳೇ ಒಪ್ಪಿದಂತೆ. ಹಲಗೆಯನ್ನು ಇವತ್ತೇ ಅವನ ಮಡಿಲಿಗೆ ತಲುಪಿಸಿ, ಶಸ್ತ್ರಕ್ರಿಯೆಯ ಕೋಣೆಯವರೆಗೂ ಜೊತೆಗಿರಲಿ. ಕಡತದ ಆ ಸುಳ್ಳನ್ನು ಹೊಡೆದುಹಾಕಿ. ಮಾತಾಡುವ ಕೈಯನ್ನು, ಅದು ಯಾರದ್ದೇ ಇರಲಿ, ಇನ್ನು ಕಟ್ಟಬೇಡಿ. ವೈದ್ಯರು ಕುರ್ಚಿ ಎಳೆದುಕೊಂಡು ಅವನೆದುರು ಕೂರಲಿ. ಒಂದು ಸಾಲಿಗೆ ಎರಡು ನಿಮಿಷ ಹಿಡಿಯುತ್ತದೆ, ಅಷ್ಟೇ.

ಕೊನೆಯ ಸಾಲು ತಮ್ಮನದು. ಈಗಷ್ಟೇ ಬೆರಳಿಟ್ಟು ಬರೆಸಿದ: "ನನ್ನ ಕಾಲು. ನನ್ನನ್ನು ಕೇಳಿ."

ಇಂತಿ,
ನಿಮ್ಮ ಒಪ್ಪಿಗೆ ಪತ್ರಕ್ಕೆ ಹಾಕದ ಸಹಿಯನ್ನು ಇಲ್ಲಿ ಹಾಕುತ್ತಿರುವ ಅಕ್ಕ