ಪ್ರಲ್ಹಾದಪ್ಪನ ಬ್ಯಾರಲ್

ಜುಲೈ ೯, ಬುಧವಾರ. ಬೆಟಗೇರಿ.

ಹೋದ ತಿಂಗಳು ಆಶಾ ಕಾರ್ಯಕರ್ತೆಯಾಗಿ ಡೆಂಗ್ಯೂ ಸರ್ವೆಗೆ ಹೋದಾಗ ಪ್ರಲ್ಹಾದಪ್ಪ ಓಣಿಗೆಲ್ಲ ಕೇಳುವಂತೆ ಅಂದಿದ್ದ: "ನಜಮಾ, ನಮ್ಮ ನೀರು ನೀ ಮುಟ್ಟಬ್ಯಾಡ." ಆ ಮಾತು ನಾನು ಮರೆತಿಲ್ಲ.

ಇವತ್ತು ಮತ್ತೆ ಹೋಗಿ ಬ್ಯಾಟರಿ ಬೆಳಕು ಬಿಟ್ಟು ನೋಡಿದರೆ ಅವನ ಬ್ಯಾರಲ್ ತುಂಬ ಸೊಳ್ಳೆಹುಳ ಮಿಜಿಗುಡುತ್ತಿದ್ದವು. ಚೆಲ್ಲಲೇಬೇಕು. ನಳದ ನೀರು ಬರುವುದು ಇನ್ನು ಎಂಟು ದಿನಕ್ಕೆ.

"ಚಲ್ಲಿ ಹೋಗವಾ" ಅಂದ.

"ನಾ ಹೆಂಗ ಮುಟ್ಟಲಿ ಅಣ್ಣಾರ? ನೀವ ಚಲ್ರಿ."

ಓಣಿ ನೋಡುತ್ತಿರಲು ಅವನೇ ಉರುಳಿಸಿದ. ಎಂಥ ಸುಖ!

ಸಂಜೆ ಅವನ ಹೆಂಡತಿ ಲಕ್ಷ್ಮೀದೇವಿ ಕೊಡ ಹಿಡಿದು ನನ್ನ ಬಾಗಿಲಿಗೆ ಬಂದಳು. "ಕುಡ್ಯಾಕ ಒಂದ ಕೊಡ ನೀರು ಕೊಡವಾ ನಜಮಾ. ಅವ್ರಿಗೆ ಹೇಳಂಗಿಲ್ಲ."

"ಹೇಳ್ರಿ ಅಕ್ಕಾರ. ಹೇಳೂದಾದ್ರ ಅಷ್ಟ ಕೊಡತೀನಿ."

ಒಪ್ಪಿದಳು. ಕೈಯಾರೆ ಕಂಠದವರೆಗೆ ತುಂಬಿಕೊಟ್ಟೆ.

ಈಗ ಅವನು ಊಟಕ್ಕೆ ಕೂತಿರುತ್ತಾನೆ. ಪಲ್ಯ ಖಾರವಾಗಿರಲಿ.