ಅಂಕಲಿಯಿಂದ ಸುಂದ್ರವ್ವ ತಂದ ಚೀಟಿ

ಚಿಕ್ಕೋಡಿ
೧೨ ಸೆಪ್ಟೆಂಬರ್ ೨೦೨೫, ಶುಕ್ರವಾರ

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಸೊಸೆ ಮನಿಷಾಳ ಜಯ ಜಿನೇಂದ್ರ. ಮಂಡಿನೋವು ಹೇಗಿದೆ? ಕುಂಭೋಜದಲ್ಲಿ ಮಾತಾಜಿಯವರ ಆಹಾರದ ಚೌಕಾದಲ್ಲಿ ದಿನವೂ ಬೆಳಗಿನಿಂದ ನಿಂತೇ ಅಡಿಗೆ ಮಾಡುತ್ತೀರಿ ಎಂದು ಪಾರಿಸ ಮಾಮಾ ಹೇಳಿದರು. ನಾನು ಕಟ್ಟಿಕೊಟ್ಟ ಎಣ್ಣೆಯ ಬಾಟಲಿ ಇನ್ನೂ ತೆರೆದೇ ಇಲ್ಲವಂತೆ. ಅದನ್ನು ಹಚ್ಚಿಕೊಳ್ಳುವುದಕ್ಕೆ ಯಾವ ವ್ರತವೂ ಅಡ್ಡ ಬರುವುದಿಲ್ಲ, ದಯಮಾಡಿ ಹಚ್ಚಿಕೊಳ್ಳಿ. ಚಾತುರ್ಮಾಸ ಮುಗಿಯುವವರೆಗೆ ಮೊಬೈಲ್ ಮುಟ್ಟುವುದಿಲ್ಲ ಎಂದು ನೀವು ನೇಮ ಹಿಡಿದದ್ದರಿಂದ ನಾನು ಶಾಲೆ ಬಿಟ್ಟ ಮೇಲೆ ಮೊದಲ ಸಲ ಇಷ್ಟು ಉದ್ದ ಕಾಗದ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ ಆಗಿದ್ದರೆ ನಗಬೇಡಿ.

ಇಲ್ಲಿ ಎಲ್ಲ ನೆಟ್ಟಗಿದೆ. ಕರೋಶಿ ತೋಟದ ಕಬ್ಬು ಈ ಸಲ ಗೇಣು ಹೆಚ್ಚೇ ಬೆಳೆದಿದೆ ಎಂದು ಇವರು ದಿನಕ್ಕೆರಡು ಸಲ ಹೇಳುತ್ತಾರೆ. ಎಮ್ಮೆ ನಿಮ್ಮ ಸೀರೆಯ ವಾಸನೆ ಸಿಗದೆ ಹಾಲು ಕಡಿಮೆ ಮಾಡಿತ್ತು. ನಿಮ್ಮ ಹಳೆಯ ಹಸಿರು ಸೀರೆ ಸುತ್ತಿಕೊಂಡು ಕರೆದೆ, ಸರಿಹೋಯಿತು. ನಿಮ್ಮ ಮಗ ನೋಡಿ ನಕ್ಕಿದ್ದೇ ನಕ್ಕಿದ್ದು. ದಶಲಕ್ಷಣ ಪರ್ವದಲ್ಲಿ ಹತ್ತೂ ದಿನ ಒಂದೇ ಹೊತ್ತು ಉಂಡು ಏಕಾಶನ ಮಾಡಿದೆ. ನೀವಿಲ್ಲದೆ ಮಾಡಲಾದೀತೇ ಎಂಬ ಅಂಜಿಕೆಯಿತ್ತು, ಆಯಿತು.

ಇನ್ನು ಆಸ್ಪತ್ರೆಯ ಸುದ್ದಿ. ಇದನ್ನು ನಿಮಗೆ ವಿವರವಾಗಿ ಹೇಳಲೇಬೇಕು. ಮದುವೆಯಾಗಿ ಮೂರೇ ತಿಂಗಳಿಗೆ ನಾನು ನಿಪ್ಪಾಣಿಗೆ ಕಂಪ್ಯೂಟರ್ ಕೋರ್ಸಿಗೆ ಹೋಗುತ್ತೇನೆ ಎಂದಾಗ ಮನೆಯಲ್ಲಿ ಉಳಿದವರೆಲ್ಲ ಕೆಲಸದ ನೆಪ ಹೇಳಿ ಎದ್ದುಹೋದರು. ನೀವೊಬ್ಬರೇ "ಹೋಗಿ ಕಲ್ತ್ ಬಾ, ಭಾಂಡೆ ನಾ ತಿಕ್ಕತೀನಿ" ಎಂದಿರಿ. ಎರಡು ವರ್ಷ ತಿಕ್ಕಿದಿರಿ ಕೂಡ. ಆಗ ಕಲಿತದ್ದು ಈಗ ಏನು ಉಪಯೋಗಕ್ಕೆ ಬಂತು ಎಂದು ನಿಮಗೆ ತಿಳಿಯಬೇಕಲ್ಲ.

ನಮ್ಮ ಆಸ್ಪತ್ರೆಗೆ ಚಿಕ್ಕೋಡಿಯ ಜೊತೆ ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಅಂಕಲಿಯಲ್ಲೂ ಕೇಂದ್ರಗಳಿವೆ. ಎಲ್ಲ ಸೇರಿ ಅರವತ್ತನಾಲ್ಕು ಕಂಪ್ಯೂಟರ್. ಅವನ್ನು ನೋಡಿಕೊಳ್ಳುವವಳು ನಾನೊಬ್ಬಳೇ. ಮೊದಲೆಲ್ಲ ಯಾರು ಬೇಕಾದರೂ ತಮ್ಮ ಕಂಪ್ಯೂಟರಿನಲ್ಲಿ ಏನು ಬೇಕಾದರೂ ಹಾಕಿಕೊಳ್ಳಬಹುದಿತ್ತು. ಜನವರಿಯಲ್ಲಿ ಒಂದು ಕೇಂದ್ರದ ಗುಮಾಸ್ತರು ಲಗ್ನಪತ್ರಿಕೆ ಮಾಡುವ ಯಾವುದೋ ಪುಕ್ಕಟೆ ಪ್ರೋಗ್ರಾಂ ಇಳಿಸಿಕೊಂಡರು. ಅದರೊಳಗೆ ವೈರಸ್ ಇತ್ತು. ಮೂರು ದಿನ ಆರೂ ಕಡೆ ಒಂದು ಫೈಲೂ ತೆರೆಯಲಿಲ್ಲ, ರೋಗಿಗಳ ವಿವರವನ್ನೆಲ್ಲ ಕೈಯಲ್ಲಿ ಬರೆದರು. ಅದಾದ ಮೇಲೆ ನಾನು ಎಲ್ಲರಿಂದಲೂ ಆ ಅಧಿಕಾರ ತೆಗೆದುಹಾಕಿದೆ. ಹೊಸದೇನು ಹಾಕಬೇಕಾದರೂ ಅಡ್ಮಿನ್ ಪಾಸ್‌ವರ್ಡ್ ಬೇಕು, ಅದು ನನ್ನ ಹತ್ತಿರ ಮಾತ್ರ.

ಆಗ ನಾನು ತಿಂದ ಬೈಗುಳ ನಿಮಗೆ ಹೇಳಿರಲಿಲ್ಲ. ದೊಡ್ಡ ಡಾಕ್ಟರು ಜ್ಞಾನದೇವ ಅವರೇ "ನನ್ನ ಕಂಪ್ಯೂಟರಿಗೆ ನಾನs ಮಾಲಕ ಅಲ್ಲೇನ್ರಿ?" ಎಂದರು. ಎಲ್ಲರಿಗಿಂತ ನೋಯಿಸಿದ್ದು ಅಂಕಲಿಯ ಲ್ಯಾಬಿನ ಸುಂದ್ರವ್ವನವರು. ನಿಮಗೆ ಅವರ ಗುರುತಿದೆ, ಮಾವನವರ ಕಡೆಯ ದಿನಗಳಲ್ಲಿ ಕೈಯ ನರ ಸಿಗದಾಗ ಎರಡನೆಯ ಸಲ ಚುಚ್ಚದೆ ರಕ್ತ ತೆಗೆದವರು. ಅವರು ಎಲ್ಲರೆದುರು "ಮೂವತ್ತೊಂದ್ ವರ್ಷ ಮಂದಿ ರಕ್ತ ನೋಡೀನಿ. ಒಂದ್ ಬಟನ್ ಒತ್ತಾಕ ನನ್ನ ನಂಬೂದಿಲ್ಲೇನವಾ?" ಎಂದು ಕೇಳಿದರು. ನಂಬಿಕೆಯ ಮಾತಲ್ಲ ಅಕ್ಕಾರ, ಒಬ್ಬರಿಗೆ ಕೊಟ್ಟರೆ ಎಲ್ಲರಿಗೂ ಕೊಡಬೇಕಾಗುತ್ತದೆ ಎಂದು ಏನೇನೋ ಹೇಳಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಆಮೇಲೆ ತಿಂಗಳುಗಟ್ಟಲೆ ನನ್ನೊಡನೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ.

ಆದರೆ ಕಂಪ್ಯೂಟರಿಗೆ ಆಗಾಗ ಹೊಸ ಅಪ್‌ಡೇಟ್ ಹಾಕುತ್ತಲೇ ಇರಬೇಕು, ಇಲ್ಲದಿದ್ದರೆ ಕಳ್ಳರು ನುಗ್ಗುವ ಸಂದು ಹಾಗೇ ಉಳಿಯುತ್ತದೆ. ಪಾಸ್‌ವರ್ಡ್ ಹೊಡೆಯಲು ನಾನೇ ಹೋಗಬೇಕು. ಬೇಸಿಗೆಯಲ್ಲಿ ಇವತ್ತು ಅಥಣಿ, ನಾಳೆ ಕಾಗವಾಡ ಎಂದು ಬಸ್ಸಿನಲ್ಲಿ ಓಡಾಡಿ ನಾನು ಕಪ್ಪಾದದ್ದನ್ನು ನೀವು ನೋಡಿ, ಡಬ್ಬಿಯ ಜೊತೆ ಮಜ್ಜಿಗೆಯ ಬಾಟಲಿ ಇಡಲು ಶುರುಮಾಡಿದಿರಿ. ಹಾಗೆ ಓಡಾಡುತ್ತಲೇ ಫೋನಿನಲ್ಲಿ ಪಾಠ ನೋಡಿ ಬೇರೆ ದಾರಿ ಕಲಿತೆ. ಚಿಕ್ಕೋಡಿಯ ದೊಡ್ಡ ಕಂಪ್ಯೂಟರಿನಲ್ಲಿ ನಾನು ಅಪ್‌ಡೇಟ್ ಇಟ್ಟು ಸಮಯ ಗೊತ್ತುಮಾಡಿದರೆ, ಉಳಿದ ಕಂಪ್ಯೂಟರುಗಳು ಊಟದ ಹೊತ್ತಿನಲ್ಲಿ ತಾವೇ ಅದನ್ನು ತೆಗೆದುಕೊಂಡು ಹಾಕಿಕೊಳ್ಳುತ್ತವೆ. ಅಲ್ಲಿ ಕುಳಿತವರಿಗೆ ಪಾಸ್‌ವರ್ಡ್ ಬೇಡ, ನನಗೆ ಬಸ್ಸು ಬೇಡ. ಒಂದೇ ನಿಯಮ ಇಟ್ಟುಕೊಂಡೆ: ಮೊದಲು ಮೂರು ಕಂಪ್ಯೂಟರಿಗೆ ಹಾಕಿ, ಎರಡು ದಿನ ನೋಡಿ, ಆಮೇಲೆ ಎಲ್ಲಕ್ಕೂ. ಆ ಮೂರರಲ್ಲಿ ಒಂದು ನನ್ನದು, ಒಂದು ನಿಪ್ಪಾಣಿಯ ರೆಕಾರ್ಡ್ ರೂಮಿನದು, ಮೂರನೆಯದು ಅಂಕಲಿಯ ಲ್ಯಾಬಿನದು. ಏನಾದರೂ ಕೆಟ್ಟರೆ ಸುಂದ್ರವ್ವನವರು ಬೈಯದೆ ಬಿಡುವುದಿಲ್ಲ, ನನಗೆ ಬೇಗ ಗೊತ್ತಾಗುತ್ತದೆ ಎಂದು ಅವರನ್ನು ಸೇರಿಸಿದ್ದೆ. "ಪ್ರಯೋಗ ಮಾಡಾಕ ನಾನs ಸಿಕ್ನಿ ನಿನಗ?" ಎಂದು ಅದಕ್ಕೂ ಬೈದರು.

ದಶಲಕ್ಷಣದ ಎರಡನೆಯ ದಿನ ನಡೆದದ್ದು ಇದು. ಲ್ಯಾಬಿನ ಪ್ರೋಗ್ರಾಮಿನ ಹೊಸ ಆವೃತ್ತಿ ಬಂದಿತ್ತು. ವರದಿ ನೋಡಲು, ಚೀಟಿ ತೆಗೆಯಲು ಅದು ನಮ್ಮ ಎಲ್ಲ ಕಂಪ್ಯೂಟರಿನಲ್ಲೂ ಇದೆ. ಅದನ್ನು ಮಾಡುವ ಕಂಪನಿಯವರು ನನಗಷ್ಟೇ ಅಲ್ಲ, ಎಲ್ಲ ಲ್ಯಾಬುಗಳಿಗೂ ಹಿಂದಿನ ದಿನವೇ "ಇಲ್ಲಿ ಒತ್ತಿ, ಹೊಸದು ಹಾಕಿಕೊಳ್ಳಿ" ಎಂದು ಮೇಲ್ ಕಳಿಸಿದ್ದರು. ಸೋಮವಾರ ತಪಾಸಣೆಯವರು ಬರುವವರಿದ್ದರು. ಜ್ಞಾನದೇವ ಡಾಕ್ಟರು "ಎರಡ ದಿನ ಕಾಯೂದು ಬ್ಯಾಡ, ಇವತ್ತs ಎಲ್ಲಾ ಕಡೆ ಹಾಕಿಬಿಡ್ರಿ" ಎಂದರು. ನಿಮ್ಮೆದುರು ಸುಳ್ಳು ಹೇಳಲಾರೆ ಅತ್ತೆಯವರೇ, ನಾನು ಬಗ್ಗಿದೆ. ಉಪವಾಸ, ಬಿಸಿಲು, ಡಾಕ್ಟರ ಮುಖ, ಎಲ್ಲ ಸೇರಿ ಬಗ್ಗಿದೆ. ಬೆಳಿಗ್ಗೆ ಆ ಮೂರು ಕಂಪ್ಯೂಟರಿಗೆ ಹಾಕಿದೆ. ನನ್ನ ಪರದೆಯ ಮೇಲೆ ಎಲ್ಲ ಸರಿಯಾಗಿತ್ತು. ಉಳಿದ ಅರವತ್ತೊಂದಕ್ಕೆ ಮಧ್ಯಾಹ್ನ ಒಂದೂವರೆಯ ಸಮಯ ಇಟ್ಟು, ಎಲ್ಲರಿಗೂ ಹಾಗೆಂದು ಸಂದೇಶ ಕಳಿಸಿ, ಫೋನನ್ನು ಮೇಜಿನ ಮೇಲೆ ಬಿಟ್ಟು ತಪಾಸಣೆಯ ಮೀಟಿಂಗಿಗೆ ಹೋದೆ.

ಅದೇ ಹೊತ್ತಿಗೆ ಅಂಕಲಿಗೆ ದಿಗ್ಗೇವಾಡಿಯ ಒಬ್ಬ ಗರ್ಭಿಣಿ ಬಂದಿದ್ದಳು. ಎಂಟು ತಿಂಗಳು, ರಕ್ತ ತೀರ ಕಡಿಮೆ, ಮುಖ ಬಿಳಿಚಿಕೊಂಡಿತ್ತಂತೆ. ಚಿಕ್ಕೋಡಿಗೆ ಕಳಿಸಬೇಕು, ಇಲ್ಲಿ ರಕ್ತ ಏರಿಸಬೇಕು. ಸುಂದ್ರವ್ವನವರು ಅವಳ ರಕ್ತದ ಗುಂಪು ನೋಡಿ ಕಂಪ್ಯೂಟರಿಗೆ ಹಾಕಿ, ರಕ್ತದ ಮಾದರಿಯ ಸೀಸೆಗೆ ಅಂಟಿಸುವ ಚೀಟಿ ಮುದ್ರಿಸಿದರು. ಅವಳದು ಓ ನೆಗೆಟಿವ್. ಪರದೆಯ ಮೇಲೆ ಹಾಗೇ ಇತ್ತು. ಚೀಟಿಯ ಮೇಲೆ ಬಂದದ್ದು ಬರೀ ಓ. ಹೊಸ ಆವೃತ್ತಿಯಲ್ಲಿ ಅಕ್ಷರ ದಪ್ಪ ಮಾಡಿದ್ದರು, ನಮ್ಮ ಹಳೆಯ ಪ್ರಿಂಟರಿನ ಸಣ್ಣ ಚೀಟಿಯಲ್ಲಿ ಕೊನೆಯ ತುಂಡು ಹಿಡಿಸದೆ ಬಿದ್ದುಹೋಗಿತ್ತು. ನಾನು ಪರದೆ ನೋಡಿದ್ದೆನೇ ಹೊರತು ಒಂದು ಚೀಟಿಯನ್ನೂ ಮುದ್ರಿಸಿ ನೋಡಿರಲಿಲ್ಲ. ಬರೀ ಓ ಎಂದಿದ್ದರೆ ಅವಸರದಲ್ಲಿದ್ದವರು ಪಾಸಿಟಿವ್ ಎಂದೇ ಓದುತ್ತಾರೆ, ಹೆಚ್ಚಿನವರದು ಅದೇ ಇರುತ್ತದೆ.

ಅವರು ಆ ಚೀಟಿ ಅಂಟಿಸದೆ, ಸೀಸೆಯ ಮೇಲೆ ಕೆಂಪು ಪೆನ್ನಿನಲ್ಲಿ ತಾವೇ ಪೂರ್ತಿ ಬರೆದರು. ನನಗೆ ಏಳು ಸಲ ಫೋನ್ ಮಾಡಿದರು. ಕೌಂಟರಿಗೆ ಮಾಡಿದರೆ "ಮೀಟಿಂಗ್ ನಡದೈತ್ರಿ, ಆಮ್ಯಾಲ ಮಾಡ್ರಿ" ಎಂದು ಇಟ್ಟರಂತೆ. ಹೊಸದನ್ನು ತಾವೇ ತೆಗೆದುಹಾಕೋಣ ಎಂದರೆ ಅದಕ್ಕೂ ಪಾಸ್‌ವರ್ಡ್ ಕೇಳಿತು. ಗಡಿಯಾರ ನೋಡಿದರು, ಒಂದೂವರೆಗೆ ಎಲ್ಲ ಕಡೆ ಹೋಗುತ್ತದೆ ಎಂಬ ನನ್ನ ಸಂದೇಶ ಕಣ್ಣೆದುರಿಗಿತ್ತು. ಲ್ಯಾಬಿಗೆ ಬೀಗ ಹಾಕಿ, ಗರ್ಭಿಣಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸಿನಲ್ಲಿ ಡ್ರೈವರನ ಪಕ್ಕ ಏರಿ ಕುಳಿತರು.

ಒಂದು ಗಂಟೆ ಹತ್ತು ನಿಮಿಷಕ್ಕೆ ಮೀಟಿಂಗಿನ ಬಾಗಿಲು ತೆರೆಯಿತು. ಸುಂದ್ರವ್ವನವರು ಬಿಳಿ ಕೋಟಿನಲ್ಲೇ ಇದ್ದರು, ಏದುಸಿರು. ಯಾರಿಗೂ ನಮಸ್ಕಾರ ಹೇಳಲಿಲ್ಲ. ಕೋಟಿನ ಜೇಬಿನಿಂದ ನಾಲ್ಕು ಚೀಟಿ ತೆಗೆದು ನನ್ನ ಮುಂದೆ ಇಟ್ಟರು.

"ನಾಕ ಸಲ ತಗದೀನಿ, ನಾಕೂ ಹಂಗs. ನೆಗೆಟಿವ್ ಅನ್ನೂದು ಬರವಲ್ದು. ನಿಂದ್ರಸು."

ಡಾಕ್ಟರು "ಮುಂದ ಗುಂಪ ಇನ್ನೊಮ್ಮಿ ನೋಡಿನs ರಕ್ತ ಕೊಡ್ತಾರಲ್ರಿ ಸುಂದ್ರವ್ವ, ಅಲ್ಲಿ ಗೊತ್ತಾಗ್ತಿತ್ತು" ಎಂದರು.

"ಮುಂದಿನವ್ರು ನೋಡ್ತಾರಂತ ನಾ ಸುಮ್ನ ಕುಂದರಾಕ ಬರ್ತೈತೇನ್ರಿ ಸಾಹೇಬ್ರ? ಆ ಹೆಣ್ಮಗಳು ಈಗ ಕೆಳಗ ಸ್ಟ್ರೆಚರ್ ಮ್ಯಾಲ ಅದಾಳ."

ನಾನು ಓಡಿದೆ. ನಿಲ್ಲಿಸಲು ಎರಡು ನಿಮಿಷ ಸಾಕಾಯಿತು. ಹಾಕಿದ್ದ ಮೂರರಿಂದಲೂ ಹೊಸದನ್ನು ಕೂತಲ್ಲಿಂದಲೇ ತೆಗೆದೆ. ಆಮೇಲೆ ಹಿಂದಿನ ದಿನದ ದಾಖಲೆ ನೋಡಿದೆ. ಕಂಪನಿಯ ಮೇಲ್ ಬಂದ ಗುರುವಾರ ಹನ್ನೊಂದು ಕಂಪ್ಯೂಟರುಗಳಲ್ಲಿ ಯಾರೋ ಆ ಗುಂಡಿ ಒತ್ತಿದ್ದರು. ಹನ್ನೊಂದೂ ಪಾಸ್‌ವರ್ಡ್ ಕೇಳಿ ನಿಂತಿದ್ದವು. ಜನವರಿಗೆ ಮೊದಲಿನಂತೆ ಇದ್ದಿದ್ದರೆ ಒಂದು ದಿನವಿಡೀ ಹನ್ನೊಂದು ಕಡೆ ಅಂಥ ಚೀಟಿಗಳು ಹೊರಟಿರುತ್ತಿದ್ದವು. ನಾನು ಪರದೆಯನ್ನು ಅವರತ್ತ ತಿರುಗಿಸಿದೆ. ಸುಂದ್ರವ್ವನವರು ಕನ್ನಡಕ ಏರಿಸಿ ಓದಿದರು. ಮೂರನೆಯ ಸಾಲಿನಲ್ಲಿ ಅಂಕಲಿ ಎಂದಿತ್ತು.

"ಅದು ನಾನs" ಎಂದರು. "ಸಿಟ್ಟಿಲೇ ಒತ್ತಿದ್ನಿ. ನಾಕ ಸಲ ಒತ್ತಿದ್ನಿ."

ಇಬ್ಬರಿಗೂ ನಗು ಬಂತು. ನನಗೆ ನಗುತ್ತಲೇ ಅಳು ಬಂತು. ಅವರು ನನ್ನ ಬೆನ್ನ ಮೇಲೆ ಕೈಯಿಟ್ಟು "ಊಟ ಆಗೇತೇನು?" ಎಂದು ಕೇಳಿದರು. ಏಕಾಶನ ಎಂದೆ. "ಹಂಗಾರ ಅಳಬ್ಯಾಡ, ನೀರ ಕಡಿಮಿ ಆಗ್ತೈತಿ" ಎಂದರು. ಎಂಟು ತಿಂಗಳ ಮೇಲೆ ಅವರು ನನ್ನೊಡನೆ ಆಡಿದ ಮೊದಲ ಮನೆಮಾತು ಅದು.

ದಿಗ್ಗೇವಾಡಿಯ ಹೆಣ್ಣುಮಗಳಿಗೆ ಎರಡು ಬಾಟಲಿ ರಕ್ತ ಬೇಕಾಯಿತು. ಒಂದು ಇಲ್ಲೇ ಇತ್ತು, ಇನ್ನೊಂದನ್ನು ಕಾಗವಾಡದ ಒಬ್ಬ ಮೇಷ್ಟ್ರು ಬಂದು ಕೊಟ್ಟುಹೋದರು. ಮೊನ್ನೆ ತಿರುಗಿ ತೋರಿಸಿಕೊಳ್ಳಲು ಬಂದಿದ್ದಳು. ಮುಖಕ್ಕೆ ಬಣ್ಣ ಬಂದಿದೆ, ಹೊಟ್ಟೆಯಲ್ಲಿರುವುದು ಚೆನ್ನಾಗಿ ಒದೆಯುತ್ತಿದೆಯಂತೆ. ಅವಳಿಗೆ ಇದಾವುದೂ ಗೊತ್ತಿಲ್ಲ. ಗೊತ್ತಾಗಬೇಕಾಗಿಯೂ ಇಲ್ಲ.

ಕಂಪನಿಯವರು ಐದು ದಿನಕ್ಕೆ ಸರಿಮಾಡಿ ಕಳಿಸಿದರು. ಈ ಸಲ ಡಾಕ್ಟರೇ "ಮೊದಲ ಮೂರಕ್ಕs ಹಾಕ್ರಿ, ಎಷ್ಟ ದಿನ ಬೇಕೋ ಕಾಯ್ರಿ" ಎಂದರು. ಮೂರು ಕಡೆಯೂ ಚೀಟಿ ಮುದ್ರಿಸಿ ನೋಡಿದೆವು. ಸುಂದ್ರವ್ವನವರು "ಬರೋಬ್ಬರಿ ಐತಿ, ಕಳಸು" ಎಂದು ಬರೆದು ಸಹಿ ಮಾಡಿದ ಮೇಲೆಯೇ ಸೋಮವಾರ ಉಳಿದವಕ್ಕೆ ಬಿಟ್ಟೆ. ಊಟ ಮುಗಿಸಿ ಬರುವಷ್ಟರಲ್ಲಿ ಅರವತ್ತೊಂದೂ ಆಗಿತ್ತು. ರಾಯಬಾಗದವರು ಸಂಜೆ ಫೋನ್ ಮಾಡಿ "ಹೊಸಾದು ಯಾವಾಗ ಹಾಕ್ತೀರಿ?" ಎಂದು ಕೇಳಿದರು, ಆಗಲೇ ಅದರಲ್ಲೇ ಕೆಲಸ ಮಾಡುತ್ತಿದ್ದರು. ನನಗಾದ ಸಂತೋಷ ಯಾರಿಗೆ ಹೇಳಲಿ? ಹೇಳಿದರೆ ತಿಳಿದುಕೊಳ್ಳುವವರು ನೀವು, ಕುಂಭೋಜದಲ್ಲಿದ್ದೀರಿ. ಸುಂದ್ರವ್ವನವರು ಆ ದಿನ ಆಂಬುಲೆನ್ಸ್ ಏರದಿದ್ದರೆ ನಾನು ಈ ಕಾಗದವನ್ನು ಬೇರೆ ಥರ ಬರೆಯಬೇಕಾಗುತ್ತಿತ್ತು. ನೀವು ಎರಡು ವರ್ಷ ಭಾಂಡೆ ತಿಕ್ಕದಿದ್ದರೆ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಇಬ್ಬರಿಗೂ ಎದುರಿಗೆ ನಿಂತು ಇದನ್ನೆಲ್ಲ ಹೇಳಲು ನನಗೆ ಬರುವುದಿಲ್ಲ.

ಮಾತಾಜಿಯವರಿಗೆ ನನ್ನ ವಂದಾಮಿ ತಿಳಿಸಿ. ನಿಮ್ಮ ಮಗ ಶೀತಲ ಕಾಲಿಗೆ ಬಿದ್ದೆನೆಂದು ತಿಳಿಸಲು ಹೇಳಿದ್ದಾರೆ. ಎಣ್ಣೆ ಮರೆಯಬೇಡಿ.

ನಿಮ್ಮ ಪ್ರೀತಿಯ ಸೊಸೆ
ಮನಿಷಾ

ತಾ.ಕ.: ಪಾರಿಸ ಮಾಮಾ ಭಾನುವಾರ ಗೋಧಿ ತರುವಾಗ ಈ ಕಾಗದ ತರುತ್ತಾರೆ, ಅವರ ಕೈಯಲ್ಲೇ ಉತ್ತರ ಬೇಕು. ಸುಂದ್ರವ್ವನವರು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಾರೆ, ಆಸ್ಪತ್ರೆಯ ಕ್ವಾರ್ಟರ್ಸ್ ಬಿಡಬೇಕು. ಅವರಿಗೆ ಹಿಂದೆ ಮುಂದೆ ಯಾರೂ ಇಲ್ಲ. ಚಿಕ್ಕೋಡಿಯಲ್ಲಿ ಬಾಡಿಗೆಗೆ ಖೋಲಿ ಹುಡುಕುತ್ತಿದ್ದೇನೆ ಎಂದರು, ನಾನು ನಿಮ್ಮನ್ನು ಕೇಳದೆಯೇ ನಮ್ಮ ಹಿತ್ತಿಲ ಖೋಲಿ ಖಾಲಿ ಇದೆ, ಬನ್ನಿ ಎಂದುಬಿಟ್ಟೆ. ನಾವು ಮುಟ್ಟದ ಉಳ್ಳಾಗಡ್ಡಿ ಬೆಳ್ಳುಳ್ಳಿ ತಿನ್ನುವವರು, ಬೇರೆ ಒಲೆ ಇಟ್ಟುಕೊಂಡು ನಮ್ಮ ಒಳಮನೆಗೆ ಘಾಟು ಬರದಂತೆ ನೋಡಿಕೊಳ್ಳುತ್ತಾರಂತೆ. ನಿಮ್ಮ ಮಗ "ಅವ್ವನ ಕೇಳಲಾರದ?" ಎಂದು ತಲೆಯ ಮೇಲೆ ಕೈ ಹೊತ್ತು ಕೂತಿದ್ದಾರೆ. ನೀವು ಬೇಡ ಎಂದರೆ ಬೇರೆ ಖೋಲಿ ಹುಡುಕಿಕೊಡುತ್ತೇನೆ, ಒಂದು ಮಾತೂ ಆಡುವುದಿಲ್ಲ. ಆದರೆ ಹೂಂ ಅನ್ನಿ ಅತ್ತೆಯವರೇ. ಅವರ ಟ್ರಂಕು ನಿನ್ನೆಯೇ ಬಂದಿದೆ.